ಎಡಚಿಯ ಕಾರಿನ ಎಡವಟ್ಟು

ಜಯಾ ಎಡಚಿ. ಸವಳಂಗ ರಸ್ತೆಯ ತನ್ನ ಟೈಲರ್ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಎಡಗೈಯಲ್ಲೇ ಕತ್ತರಿ ಹಿಡಿದು ರವಿಕೆ ಕತ್ತರಿಸುತ್ತಿದ್ದಾಳೆ. ಒಂದರ ತೋಳೂ ಸೊಟ್ಟಗಾಗಿಲ್ಲ. ಭದ್ರಾವತಿಯ ಗಿರಾಕಿಗಳಿಗೆ ಬಟ್ಟೆ ತಲುಪಿಸಲೆಂದು ನಲವತ್ತಾರನೇ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿ, ಹಳೆಯ ಬಿಳಿ ಕಾರೊಂದನ್ನು ಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಎಡಕ್ಕೆ ಎಳೆಯತೊಡಗಿತು.

ಚಕ್ರಗಳಿಗೆ ಗಾಳಿ ಸಮ ಮಾಡಿಸಿದ್ದಾಯಿತು, ಅಲೈನ್‌ಮೆಂಟೂ ಆಯಿತು. ಎಳೆತ ಹೋಗಲಿಲ್ಲ.

"ಎಡಚಿ ಕೈಗೆ ಸಿಕ್ಕ ಕಾರು ಇನ್ನೆಲ್ಲಿಗೆ ಹೋಗ್ಬೇಕು ಮಾರಾಯ್ತಿ?" ಎಂದ ಗಂಡ ಯೋಗರಾಜ್. ಅವನಿಗೆ ಕಾರು ಓಡಿಸಲು ಬಾರದು. ಹಾಗಾಗಿ ಅವನ ಅಭಿಪ್ರಾಯಗಳಿಗೆ ಬ್ರೇಕ್ ಇರಲಿಲ್ಲ. "ಭಾನುವಾರ ಒಬ್ರು ನೋಡೋಕೆ ಬರ್ತಾರೆ. ಮಾರಿಬಿಡೋಣ. ನಿನಗಿಂತ ಕಾರು ಹೆಚ್ಚಾ?"

ಪ್ರೀತಿಯಿಂದ ಹೇಳಿದವನ ಜೊತೆ ಜಗಳವಾಡುವುದು ಕಷ್ಟ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ತನ್ನ ಎಡಗೈಯನ್ನು ಸೆರಗಿನಲ್ಲಿ ಕಟ್ಟಿಹಾಕುತ್ತಿದ್ದ ತಾಯಿ ನಂಜಮ್ಮ ನೆನಪಾದಳು. ತಪ್ಪು ತನ್ನ ಕೈಯದ್ದೇ ಇರಬಹುದೇ? ಹೌದಾದರೆ ಕೀ ಕೊಟ್ಟುಬಿಡುವುದೆಂದು ನಿಶ್ಚಯಿಸಿ, ಶನಿವಾರ ಭದ್ರಾವತಿಯ ಕಾಗದನಗರದ ಮೂರ್ತಪ್ಪನ ಬಳಿಗೆ ಹೋದಳು. ಕಾಗದದ ಮಿಲ್ಲಿನಿಂದ ನಿವೃತ್ತನಾದ ಮೇಲೆ ಅವನು ಮನೆಯ ಮುಂದೆಯೇ ಕಾರು ರಿಪೇರಿ ಮಾಡುತ್ತಿದ್ದ.

"ರಸ್ತೆಯೇ ಎಡಕ್ಕೆ ವಾಲಿರುತ್ತೆ, ಅದರ ಸಾಕ್ಷಿ ನಂಬಬಾರದು," ಎಂದು ಅವನೇ ಕಾರನ್ನು ಸಮತಟ್ಟಾದ ಮೈದಾನಕ್ಕಿಳಿಸಿ, ನಿಧಾನವಾಗಿ ಓಡಿಸುತ್ತ ಸ್ಟೀರಿಂಗ್ ಮೇಲಿನ ಹಿಡಿತ ಸಡಿಲಿಸಿದ. ಕಾರು ಎಡಕ್ಕೇ ಹೊರಳಿತು.

"ನೀವು ಎಡಚರಾ ಮೂರ್ತಪ್ಪಣ್ಣ?"

"ಇಲ್ವಲ್ಲ."

ಜಯಾ ಹದಿನೈದು ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು.

ಮಿಲ್ಲಿನಲ್ಲಿ ಮೂವತ್ತು ವರ್ಷ ಮೂರ್ತಪ್ಪನದು ಒಂದೇ ಕೆಲಸ: ಯಂತ್ರದಲ್ಲಿ ಓಡುವ ಕಾಗದ ಪಕ್ಕಕ್ಕೆ ಸರಿಯದಂತೆ ಕಾಯುವುದು. "ಕಾಗದ ಸರಿದ್ರೆ ರೋಲರಿನ ಎರಡೂ ತುದಿಗೆ ಕೈ ತಾಗಿಸ್ತಿದ್ವಿ. ಬಿಸಿ ಇದ್ದ ಕಡೆ ರೋಲರ್ ಸಲೀಸಾಗಿ ತಿರುಗದೆ ಹಿಡ್ಕೊಂಡಿದೆ ಅಂತ ಅರ್ಥ." ಮುಂದಿನ ಬಲ ಚಕ್ರದ ಹತ್ತಿರ ಅಂಗೈ ಒಡ್ಡಿದ, ಬೆಚ್ಚಗಿತ್ತು. ಎಡ ಚಕ್ರದಿಂದ ಕೈ ಸರಕ್ಕನೆ ಹಿಂದೆ ಬಂತು. "ಅಕ್ಕಿ ರೊಟ್ಟಿ ಬೇಯಿಸ್ಬೋದು ಜಯಮ್ಮ."

ಜಾಕ್ ಕೊಟ್ಟು ಎತ್ತಿ ತಿರುಗಿಸಿದರೆ ಬಲ ಚಕ್ರ ಸಲೀಸಾಗಿ ಸುತ್ತಿತು. ಎಡದ್ದು ಅರ್ಧ ಸುತ್ತಿಗೇ ನರಳಿ ನಿಂತಿತು. ಮಳೆನೀರಿಗೆ ಬ್ರೇಕಿನ ಪಿನ್ನು ತುಕ್ಕು ಹಿಡಿದು, ಕಾಲು ತೆಗೆದರೂ ಬ್ರೇಕ್ ಬಿಡುತ್ತಿರಲಿಲ್ಲ. ಮೂರ್ತಪ್ಪ ಪಿನ್ನು ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದ. ಈಗ ಎಡ ಚಕ್ರವೂ ಗಿರ್ರನೆ ತಿರುಗಿತು.

"ಸ್ಟೀರಿಂಗ್ ಎಡಗೈ ಒಂದರಲ್ಲೇ ಹಿಡಿದು ನೋಡಿ," ಎಂದ. ಜಯಾ ಹಾಗೇ ಓಡಿಸಿದಳು. ಮೈದಾನದ ಈ ತುದಿಯಿಂದ ಆ ತುದಿಗೆ ಕಾರು ಗೆರೆ ಎಳೆದಂತೆ ಹೋಯಿತು.

ಆಲ್ಕೊಳದ ಮನೆಯ ಗೇಟಿನಲ್ಲೇ ಯೋಗರಾಜ್ ನಿಂತಿದ್ದ. "ಏನಂತೆ?"

"ಕಾರಿಗೆ ಎಡಗಾಲು ಹಿಡ್ಕೊಂಡಿತ್ತಂತೆ. ನನ್ನ ಕೈ ಸರಿಯಾಗಿದೆ."

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ನಾಳೆ ಬರೋರು?"

"ಬರ್ಲಿ ಬಿಡಿ. ಕಾಫಿ ಬಲಗೈಯಲ್ಲೇ ಕೊಡ್ತೀನಿ. ಕೀ ಮಾತ್ರ ಎಡಗೈಲಿರುತ್ತೆ."