ಚಾ ಹೋಗದ ಮಹಡಿ

ನಾನು ಕುಂದಾಪುರದ ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತಿದ್ದೆ. ಕಂಪನಿಯೆಂದರೇನು ಎಂದು ನನಗೆ ಕಲಿಸಿದವರು ಮಾತ್ರ ತಲ್ಲೂರಿನ ನಮ್ಮ ನೆರೆಮನೆಯವರು. ಮುಂಬಯಿಯಲ್ಲಿ ಸಿನಿಮಾ, ಟಿ.ವಿ. ಎರಡನ್ನೂ ನಡೆಸುವ ದೊಡ್ಡ ಕಂಪನಿಯೊಂದರ ಕಟ್ಟಡದಲ್ಲಿ ಅವರದು ಕ್ಯಾಂಟೀನು.

ಊರಿಗೆ ಬಂದರೆ ನಮ್ಮ ಜಗಲಿಯಲ್ಲಿ ಕುಳಿತು ಖಾಲಿ ಸ್ಟೀಲ್ ಲೋಟಗಳನ್ನು ಜೋಡಿಸುವರು. ಇದು ಸಿನಿಮಾದ್ದು, ಇದು ಧಾರಾವಾಹಿಯದ್ದು, ಇದು ಹಾಡು ಮಾರುವುದು. ಒಂದೊಂದೂ ಬೇರೆ ಕಂಪನಿ, ಬೇರೆ ಮಹಡಿ. ನನ್ನ ಪುಸ್ತಕದ ಇಡೀ ಅಧ್ಯಾಯ ಅವರ ಆರು ಲೋಟಗಳಲ್ಲಿ ಮುಗಿಯುತ್ತಿತ್ತು. "ಬೋರ್ಡ್ ಕಾಂಬುದಲ್ಲ ಮಾಷ್ಟ್ರೇ, ಚಾ ಎಲ್ಲಿಗ್ ಹೋತ್ತ್ ಕಾಣಿ" ಎನ್ನುವುದು ಅವರ ಮಾತು.

ಒಮ್ಮೆ ಬಂದವರೇ ಎರಡು ಲೋಟಗಳನ್ನು ಒಂದರೊಳಗೊಂದು ಇಳಿಸಿದರು. "ಧಾರಾವಾಹಿಯವ್ರೂ ಹಾಡಿನವ್ರೂ ಈಗ ಒಂದೇ ಕೆಟ್ಲಿ ತರ್ಸ್ಕಂತ್ರ್. ನಿಮ್ ತಮ್ಮಂಗ್ ಬೇರೆ ಕೆಲ್ಸ ಕಾಂಬುಕೆ ಹೇಳಿ." ಹಾಡಿನ ಕಂಪನಿಯಲ್ಲಿದ್ದ ತಮ್ಮ ಫೋನಿನಲ್ಲೇ ನಕ್ಕುಬಿಟ್ಟ. ಎರಡು ತಿಂಗಳಲ್ಲಿ ಅವನ ಕೆಲಸ ಹೋಯಿತು. ಅವೆರಡೂ ಕಂಪನಿಗಳು ಒಂದಾದ ಸುದ್ದಿ ಪತ್ರಿಕೆಯಲ್ಲಿ ಬಂದದ್ದು ಅದಕ್ಕೂ ಆಮೇಲೆ.

ಮುಂದಿನ ಸಲ ಅವರು ಬಂದಾಗ ನಾನು ವಿದ್ಯಾರ್ಥಿಯಂತೆ ಎದುರು ಕುಳಿತೆ. "ಇವೆಲ್ಲದಕ್ಕೂ ಯಜಮಾನ್ರ್ ಯಾರ್? ನೀವ್ ಅವ್ರನ್ನ ಕಂಡಿದ್ರಿಯಾ?"

ಅವರು ಎಲ್ಲ ಲೋಟಗಳನ್ನು ಒತ್ತಾಗಿ ಸೇರಿಸಿ ಅವುಗಳ ಮೇಲೆ ಇನ್ನೊಂದನ್ನು ಕವುಚಿ ಇಟ್ಟರು.

"ಯಜಮಾನ ಅಂದ್ರ್ ಮನ್ಷ್ಯ ಅಲ್ಲ ಮಾಷ್ಟ್ರೇ. ಅದೂ ಒಂದ್ ಕಂಪನಿಯೇ. ಮೇಲಿನ ಮಹಡಿಯಲ್ ಬಾಗ್ಲಿಗ್ ಈಗ್ಳೂ ಬೋರ್ಡ್ ಇತ್ತ್, ಒಳ್ಗ್ ಮೇಜೂ ಇತ್ತ್. ನಾನ್ ಕ್ಯಾಂಟೀನ್ ಹಾಕಿ ಹದಿನೆಂಟ್ ವರ್ಷ ಆಯ್ತ್, ಅಲ್ಲಿಗ್ ಒಂದೇ ಒಂದ್ ಚಾ ಹೋಯ್ಲಿಲ್ಲ."