ಪರವೂರಿನ ಬಸ್ಸುಗಳಲ್ಲಿ ಕ್ಯಾಸ್

ಕ್ಯಾಸ್ ಡೊಂಬ್ರೊವ್ಸ್ಕಿ ತೀರಿಕೊಂಡು ಆರು ವಾರವಾಯಿತು. ಪಿಟ್ಸ್‌ಬರ್ಗಿನ ಪತ್ರಿಕೆಯಲ್ಲಿ ಬಂದ ಸಾವಿನ ಸುದ್ದಿಯನ್ನು ಅವನ ಹೆಂಡತಿ ಮಾರ್ಲೀನ್ ಕತ್ತರಿಸಿ ನನಗೆ ಕಳಿಸಿದ್ದಾಳೆ. ಹುಟ್ಟಿದ್ದು, ಮದುವೆಯಾದದ್ದು, ಸಿಟಿ ಬಸ್ಸು ಓಡಿಸಿದ್ದು, ಯಾವ ಚರ್ಚಿನಲ್ಲಿ ಪ್ರಾರ್ಥನೆ ಅನ್ನುವುದು. ಎಲ್ಲ ಸರಿಯಾಗಿಯೇ ಇದೆ. ಆದರೆ ಓದಿದರೆ ಯಾರ ಬಗ್ಗೆ ಬೇಕಾದರೂ ಬರೆಯಬಹುದಾದದ್ದು ಅನ್ನಿಸುತ್ತದೆ. ಅವನು ರಜೆಯಲ್ಲಿ ಏನು ಮಾಡುತ್ತಿದ್ದ ಅನ್ನುವುದು ಅದರಲ್ಲಿ ಇಲ್ಲ. ಅದನ್ನು ಬಿಟ್ಟರೆ ಕ್ಯಾಸ್ ಎಲ್ಲಿ ಉಳಿದ?

ಅವನು ರಜೆಯಲ್ಲೂ ಬಸ್ಸು ಹತ್ತುತ್ತಿದ್ದ. ಬೇಸಿಗೆ ಬಂದರೆ ಮಾರ್ಲೀನ್‌ಳನ್ನೂ ಇಬ್ಬರು ಚಿಕ್ಕ ಮಕ್ಕಳನ್ನೂ ಕರೆದುಕೊಂಡು ಯಾವುದಾದರೂ ಊರಿಗೆ ಹೋಗುವುದು, ಆ ಊರಿನ ಸಿಟಿ ಬಸ್ಸಿನಲ್ಲಿ ಕೂತು ಕೊನೆಯ ಸ್ಟಾಪಿನವರೆಗೆ ಹೋಗುವುದು, ಅಲ್ಲಿ ಇಳಿದು ಏನಾದರೂ ತಿನ್ನುವುದು, ಇನ್ನೊಂದು ಬಸ್ಸಿನಲ್ಲಿ ವಾಪಸ್ ಬರುವುದು. ಇದೇ ಪ್ರವಾಸ. ಕ್ಲೀವ್‌ಲ್ಯಾಂಡು, ಬಫಲೋ, ಸಿನ್ಸಿನಾಟಿ, ಮಿಲ್ವಾಕಿ ಎಲ್ಲವನ್ನೂ ಆ ಮಕ್ಕಳು ಬಸ್ಸಿನ ಕಿಟಕಿಯಿಂದಲೇ ನೋಡಿದ್ದು. ಗೋಪುರ ಹತ್ತಲಿಲ್ಲ, ಮ್ಯೂಸಿಯಮ್ಮಿಗೆ ಹೋಗಲಿಲ್ಲ.

"ಜನ ರಜದಲ್ಲಿ ಕೆಲಸ ಮರೀತಾರೆ. ನನ್ನ ಗಂಡ ಟಿಕೆಟ್ ತಗೊಂಡು ಕೆಲಸಕ್ಕೆ ಹೋಗ್ತಾನೆ" ಎಂದು ಮಾರ್ಲೀನ್ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು. ಆದರೂ ಬಿಡದೆ ಜೊತೆಗೆ ಹೋಗುತ್ತಿದ್ದಳು. ಚಿಕ್ಕ ಮಗ ಥಡ್ಡಿಗೆ ಕಾರು ಹತ್ತಿದರೆ ವಾಂತಿ, ಬಸ್ಸಿನಲ್ಲಿ ಏನೂ ಇಲ್ಲ. ಅದೂ ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳು ಬಹಳ ವರ್ಷಗಳ ಮೇಲೆ ನನ್ನ ಹತ್ತಿರ ಹೇಳಿದಳು: "ಅವನು ಪಕ್ಕದಲ್ಲಿ ಕೂತಿರ್ತಾನಲ್ಲ ವೆಲ್ಮಾ. ವರ್ಷವೆಲ್ಲ ನಂಗೆ ಅವನ ಬೆನ್ನೇ ಕಾಣ್ತಿತ್ತು."

ನನಗೆ ಅವರು ಸಿಕ್ಕಿದ್ದು ನಾನು ಓಡಿಸುತ್ತಿದ್ದ ಬಸ್ಸಿನಲ್ಲೇ, ಬಾಲ್ಟಿಮೋರಿನಲ್ಲಿ, ಒಂದು ಜುಲೈ ಮಧ್ಯಾಹ್ನ. ಸೆಕೆಗೆ ಸೀಟಿನ ರೆಕ್ಸಿನ್ನು ತೊಡೆಗೆ ಅಂಟಿಕೊಳ್ಳುವಂಥ ದಿನ. ಒಂದು ಕೈಯಲ್ಲಿ ಮಗುವನ್ನು ಕೂರಿಸುವ, ಮಡಿಸಿದ ತಳ್ಳುಗಾಡಿ, ಇನ್ನೊಂದು ಕೈಯಲ್ಲಿ ಮಗು ಹಿಡಿದ ದಪ್ಪ ಮೀಸೆಯ ಬಿಳಿ ಮನುಷ್ಯ ಹತ್ತಿದ. ಹಿಂದೆ ಹೆಂಡತಿ. ಅವಳ ಹಿಂದೆ ಆರು ವರ್ಷದ ಹುಡುಗಿ. ಆತ ನನ್ನ ಹಿಂದಿನ ಸೀಟಿನಲ್ಲಿ ಕೂತು ಎರಡು ಸ್ಟಾಪು ದಾಟುವುದರೊಳಗೆ ಶುರು ಮಾಡಿದ.

"ಬ್ರೇಕು ಸ್ವಲ್ಪ ಎಡಕ್ಕೆ ಎಳೆಯುತ್ತೆ ಅಲ್ವಾ?"

"ಎಳೆಯುತ್ತೆ. ನೀವು ಮೆಕ್ಯಾನಿಕ್ಕಾ?"

"ಡ್ರೈವರ್. ಪಿಟ್ಸ್‌ಬರ್ಗು."

"ಹಾಗಾದ್ರೆ ಇಲ್ಲೇನು ಮಾಡ್ತಿದೀರಿ?"

"ರಜ" ಅಂದ.

ನಾನು ಕನ್ನಡಿಯಲ್ಲಿ ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಆಮೇಲೆ ದಾರಿಯುದ್ದಕ್ಕೂ ಪ್ರಶ್ನೆಗಳು. ಈ ಮನೆಗಳ ಮುಂದಿನ ಮೆಟ್ಟಿಲು ಯಾಕೆ ಬಿಳಿ ಕಲ್ಲಿನವು? ಹೆಂಗಸರು ಅದನ್ನು ಉಜ್ಜುತ್ತಾರಲ್ಲ, ಯಾವುದರಿಂದ ಉಜ್ಜುತ್ತಾರೆ? ಆ ತಿರುವಿನಲ್ಲಿ ನೀವು ಮೊದಲೇ ಹಾರ್ನ್ ಮಾಡಿದಿರಲ್ಲ, ಅಲ್ಲಿ ಯಾರು ನುಗ್ಗುತ್ತಾರೆ? ದಿನಾ ಓಡಾಡುವ ದಾರಿಯ ಬಗ್ಗೆ ನನ್ನನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ನನಗೂ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ.

ದೊಡ್ಡ ಮಾರ್ಕೆಟ್ಟಿನ ಹತ್ತಿರ ಥಡ್ಡಿ ಹಸಿವೆಂದು ರಂಪ ಮಾಡಿದ. ಕೊನೆಯ ಸ್ಟಾಪಿನವರೆಗೆ ಹೋಗುವ ಆಸೆ ಬಿಟ್ಟು ಕ್ಯಾಸ್ ಎದ್ದ. ಅಪ್ಪನ ಕೈಯಲ್ಲಿ ಅಳುವ ಮಗು, ಅಮ್ಮನ ಕೈಯಲ್ಲಿ ತಳ್ಳುಗಾಡಿ. ಅವರ ಸುತ್ತ ಇಳಿಯುವವರ ನೂಕುನುಗ್ಗಲು. ಹುಡುಗಿಯ ಕೈ ಹೆಂಡತಿ ಹಿಡಿದಿದ್ದಾಳೆಂದು ಇವನು, ಗಂಡ ಹಿಡಿದಿದ್ದಾನೆಂದು ಅವಳು. ನಾನು ಬಾಗಿಲು ಹಾಕಿ ಹೊರಟೆ.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಸೀಟುಗಳನ್ನು ನೋಡಲು ಎದ್ದರೆ, ನನ್ನ ಬೆನ್ನ ಹಿಂದೆಯೇ ಆ ಹುಡುಗಿ. ಎರಡೂ ಕೈಯಲ್ಲಿ ಮುಂದಿನ ಕಂಬಿ ಹಿಡಿದು ನೆಟ್ಟಗೆ ಕೂತಿದ್ದಾಳೆ.

"ಅಯ್ಯೋ ಮರೀ! ನಿಮ್ಮಪ್ಪ ಅಮ್ಮ ಎಲ್ಲಿ?"

"ಇಳಿದ್ರು. ನಾನು ಹಿಂದಿನ ಕಿಟಕೀಲಿ ಕುದುರೆಗಾಡಿ ನೋಡ್ತಿದ್ದೆ. ಆಮೇಲೆ ಇಲ್ಲಿಗೆ ಬಂದು ಕೂತೆ."

"ನನ್ನ ಕರೀಬಾರ್ದಾಗಿತ್ತಾ?"

"ಬಸ್ಸು ಓಡಿಸೋವಾಗ ಡ್ರೈವರ್ ಹತ್ರ ಮಾತಾಡಬಾರ್ದು."

"ನಿಮ್ಮಪ್ಪ ಮಾತಾಡಿದ್ರಲ್ಲ."

"ಅವರು ಡ್ರೈವರ್ರು" ಅಂದಳು, ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ.

ಹೆಸರು ಬರ್ನಡೆಟ್, ಮನೆಯಲ್ಲಿ ಬರ್ನಿ. ಅವರ ಮನೆಯ ನಿಯಮವನ್ನು ನನಗೆ ಒಪ್ಪಿಸಿದಳು. ಯಾವ ಊರಲ್ಲೇ ಆಗಲಿ, ಬಸ್ಸಿನಲ್ಲಿ ಒಬ್ಬಳೇ ಉಳಿದರೆ ಇಳಿಯಬಾರದು. ಡ್ರೈವರ್ ಹಿಂದೆ ಕೂರಬೇಕು. ಬಸ್ಸು ಕೊನೆ ಮುಟ್ಟಿ ವಾಪಸ್ ಬರುತ್ತದೆ, ಇಳಿದ ಜಾಗದಲ್ಲಿ ಅಪ್ಪ ನಿಂತಿರುತ್ತಾರೆ.

ಒಳ್ಳೆಯ ನಿಯಮ. ಒಂದೇ ತೊಂದರೆ, ನನ್ನ ಬಸ್ಸು ವಾಪಸ್ ಹೋಗುವುದಿರಲಿಲ್ಲ. ಬೆಳಗಿನ ಪಾಳಿ ಮುಗಿದಿತ್ತು. ಬೋರ್ಡು ತಿರುಗಿಸಿ ಖಾಲಿ ಬಸ್ಸನ್ನು ಊರಾಚೆಯ ಡಿಪೊಗೆ ಒಯ್ಯಬೇಕಿತ್ತು. ಮೆಲ್ಲಗೆ ಹೇಳಿ ನೋಡಿದೆ.

"ಬೇರೆ ಬಸ್ಸು ವಾಪಸ್ ಹೋಗುತ್ತೆ ಪುಟ್ಟಿ. ಇದು ಡಿಪೊಗೆ."

"ಇಲ್ಲ. ಬಸ್ಸು ವಾಪಸ್ ಹೋಗುತ್ತೆ. ಅಪ್ಪ ಹೇಳಿದಾರೆ."

ರೇಡಿಯೋದಲ್ಲಿ ಡಿಪೊದ ಕಂಟ್ರೋಲಿನವನನ್ನು ಕರೆದು ವಿಷಯ ಹೇಳಿದೆ.

"ಮಗೂನ ಡಿಪೊಗೆ ಕರ್ಕೊಂಡು ಬಾ ವೆಲ್ಮಾ. ಪೊಲೀಸರಿಗೆ ಹೇಳ್ತೀವಿ."

"ಅಲ್ಲಿಗೆ ಬೇಡವಂತೆ. ಮಾರ್ಕೆಟ್ಟಿನ ಹತ್ರ ಬಿಡಬೇಕಂತೆ. ಅಲ್ಲಿಗೆ ಹೋಗೋ ಬಸ್ಸಿಗೆ ಹತ್ತಿಸೋಣ ಅಂದ್ರೆ ಇದರಿಂದ ಇಳೀತಾ ಇಲ್ಲ."

"ಎತ್ಕೊಂಡು ಇಳಿಸು."

"ಕಂಬಿ ಹಿಡ್ಕೊಂಡಿದಾಳೆ."

"ಆರು ವರ್ಷದ ಮಗು ನಿಂಗಿಂತ ಗಟ್ಟೀನಾ?"

"ನೀನೇ ಬಂದು ನೋಡು."

ಅವನು ಬರುವ ಆಸಾಮಿಯಲ್ಲ. ಡಿಪೊಗೇ ಬರಬೇಕು ಎಂದು ಗದರಿಸಿ ಇಟ್ಟ. ನಾನು ಹುಡುಗಿಯ ಕೈಗಳನ್ನು ನೋಡಿದೆ. ಗೆಣ್ಣುಗಳು ಬಿಳಿಚಿಕೊಂಡಿದ್ದವು. ಆದರೂ ಅಳುತ್ತಿರಲಿಲ್ಲ. ಹೆದರಿಕೆಯನ್ನು ಇಷ್ಟು ಗಟ್ಟಿಯಾಗಿ ಕಟ್ಟಿಹಾಕುವಂಥ ಮಾತನ್ನು ಕೊಟ್ಟ ಆ ಮೀಸೆಯವನು ಈಗಲೂ ಅಲ್ಲಿ ನಿಂತಿದ್ದಾನೆಯೇ ಎಂದು ನನಗೆ ನೋಡಬೇಕೆನಿಸಿತು. ನಿಜ ಹೇಳಬೇಕೆಂದರೆ ಕರುಣೆಗಿಂತ ಈ ಕುತೂಹಲವೇ ಹೆಚ್ಚಾಗಿತ್ತು. ಡಿಪೊ ಕಡೆಗೆ ತಿರುಗಬೇಕಾದ ಬಸ್ಸನ್ನು ಬಂದ ದಾರಿಗೇ ತಿರುಗಿಸಿದೆ.

ಆ ಹೊತ್ತಿಗೆ ಮಾರ್ಕೆಟ್ಟಿನ ಸ್ಟಾಪಿನಲ್ಲಿ ಏನಾಗುತ್ತಿತ್ತು ಎಂಬುದನ್ನು ನನಗೆ ಹೇಳಿದವಳು ಮಾರ್ಲೀನ್. ಟ್ಯಾಕ್ಸಿ ಹತ್ತಿ ಬಸ್ಸಿನ ಹಿಂದೆ ಹೋಗೋಣ ಎಂದು ಅವಳು, ಬೇಡ ಎಂದು ಅವನು. "ಅವಳು ಇಳಿಯಲ್ಲ. ಬಸ್ಸು ಬರುತ್ತೆ" ಎಂದು ಎರಡು ಮೂರು ಸಲ ಹೇಳಿದನಂತೆ, ಸ್ವಂತ ಊರಲ್ಲಿ ಇರುವಷ್ಟು ಸಮಾಧಾನದಿಂದ. ಎದುರು ದಿಕ್ಕಿನಿಂದ ಬಸ್ಸೂ ಬಂತು. ಅದರಲ್ಲಿ ಬರ್ನಿ ಇರಲಿಲ್ಲ. ಡ್ರೈವರನನ್ನು ವಿಚಾರಿಸಿದರೆ, "ವೆಲ್ಮಾ ಗಾಡಿನಾ? ಅವಳ ಪಾಳಿ ಮುಗೀತು. ಅದು ಡಿಪೊಗೆ ಹೋಯ್ತಲ್ಲ" ಅಂದ.

ತನ್ನ ಊರಿನಲ್ಲಿ ಪ್ರತಿದಿನ ಪಾಳಿ ಮುಗಿಸಿ ಖಾಲಿ ಬಸ್ಸನ್ನು ಡಿಪೊಗೆ ಒಯ್ಯುತ್ತಿದ್ದವನು ಕ್ಯಾಸ್. ಮಗಳಿಗೆ ನಿಯಮ ಕಲಿಸುವಾಗ ಅದೊಂದು ಅವನ ತಲೆಗೆ ಬಂದಿರಲಿಲ್ಲ. ಅವನ ಮನಸ್ಸಿನಲ್ಲಿ ಬಸ್ಸೆಂದರೆ ಹೋಗುವುದು, ಬರುವುದು. ಡಿಪೊಗೆ ಹೋಗುವುದು ಡ್ರೈವರ್ ಮನೆಗೆ ಹೋಗುವುದರ ಲೆಕ್ಕ.

"ನಿನ್ನ ಬಸ್ಸು! ನಿನ್ನ ನಿಯಮ! ನನ್ನ ಮಗು ಎಲ್ಲಿ ಕ್ಯಾಸ್?"

"ನೀನು ಪೊಲೀಸರಿಗೆ ಫೋನ್ ಮಾಡು. ಡಿಪೊ ಎಲ್ಲಿದೆ ಕೇಳು. ನಾನು ಇಲ್ಲಿಂದ ಅಲ್ಲಾಡಲ್ಲ."

"ಬರದೇ ಇರೋ ಬಸ್ಸಿಗೆ ಕಾಯ್ತೀಯಾ?"

"ನಾನು ಇಲ್ಲಿರ್ತೀನಿ ಅಂತ ಅವಳಿಗೆ ಹೇಳಿದೀನಿ. ಅದೊಂದಾದ್ರೂ ನಿಜ ಆಗ್ಲಿ."

ಅವಳು ಥಡ್ಡಿಯನ್ನು ಎತ್ತಿಕೊಂಡು ಫೋನಿಗಾಗಿ ಅಂಗಡಿಯೊಳಗೆ ಓಡಿದಳು. ಅವನು ಇಳಿದ ಜಾಗದಲ್ಲೇ ನಿಂತಿದ್ದ.

ಖಾಲಿ ಬಸ್ಸು ನಿಲ್ಲಿಸದೆ ಹೋಗುತ್ತಿದೆಯೆಂದು ದಾರಿಯಲ್ಲಿ ಜನ ನನಗೆ ಶಾಪ ಹಾಕಿದರು. ಒಬ್ಬ ಮುದುಕ ಕೊಡೆ ಎತ್ತಿ ಬೀಸಿದ. ಮಾರ್ಕೆಟ್ಟು ಕಂಡಾಗ ದೂರದಿಂದಲೇ ಅವನನ್ನು ನೋಡಿದೆ. ಅವನ ಕಣ್ಣು ಬೋರ್ಡಿನ ಮೇಲಿತ್ತು. ಪ್ರಯಾಣಿಕರಿಗಲ್ಲ ಎಂದು ಬರೆದ ಬಸ್ಸು ಪ್ರಯಾಣಿಕರ ಸ್ಟಾಪಿಗೆ ಬರುತ್ತಿರುವುದನ್ನು ಓದಿ ಅವನ ಬಾಯಿ ತೆರೆದುಕೊಂಡಿತು.

ಬಾಗಿಲು ತೆಗೆದೆ. ಬರ್ನಿ ಮೊದಲು ತಿರುಗಿದ್ದು ನನ್ನ ಕಡೆಗೆ. "ನಾನು ಹೇಳಿರ್ಲಿಲ್ವಾ?"

ಆಮೇಲೆ ಕಂಬಿ ಬಿಟ್ಟು ಅಪ್ಪನ ಮೇಲೆ ಹಾರಿ, ಅಲ್ಲಿಯವರೆಗೆ ತಡೆದದ್ದನ್ನೆಲ್ಲ ಅತ್ತಳು. ಮಾರ್ಲೀನ್ ಅಂಗಡಿಯಿಂದ ಓಡಿ ಬಂದು ಅವಳನ್ನು ಮುದ್ದಿಸಿದಳು, ಬೈದಳು, ಮತ್ತೆ ಮುದ್ದಿಸಿದಳು. ಅಳು ನಿಂತ ಮೇಲೆ ಕ್ಯಾಸ್ ಫುಟ್‌ಪಾತಿನ ಅಂಚಿನಲ್ಲಿ ಕೂತು ಮಗಳನ್ನು ಎದುರಿಗೆ ನಿಲ್ಲಿಸಿಕೊಂಡ.

"ಬರ್ನಿ, ಈ ಬಸ್ಸು ಬರೋದಿರ್ಲಿಲ್ಲ. ನಾನು ಹೇಳಿಕೊಟ್ಟಿದ್ದು ತಪ್ಪು. ಇವರು ತಂದ್ರು."

"ಈಗಲೇ ಹೇಳಬೇಕಾ ಅದನ್ನ?" ಅಂದಳು ಮಾರ್ಲೀನ್. "ಮಗು ಇನ್ನೂ ನಡುಗ್ತಿದೆ."

"ಮುಂದಿನ ಸಲ ಇವರಂಥವರು ಸಿಗದಿದ್ರೆ?"

"ಆದ್ರೆ ಬಂತಲ್ಲ!" ಎಂದಳು ಬರ್ನಿ. ಅವಳಿಗೆ ಸಿಟ್ಟು ಬಂದಿತ್ತು. ಕಳೆದುಹೋದದ್ದಕ್ಕಲ್ಲ, ತಾನು ಬಿಡದೆ ಕಾಪಾಡಿಕೊಂಡು ಬಂದ ಮಾತನ್ನು ಹೇಳಿದವನೇ ಸುಳ್ಳೆನ್ನುತ್ತಿದ್ದಾನಲ್ಲ ಎಂದು. ಅಪ್ಪನ ಕೈ ಕೊಡವಿ ನನ್ನ ಪಕ್ಕಕ್ಕೆ ಬಂದು ನಿಂತಳು.

ಸಂಜೆ ನಮ್ಮ ಮನೆಯಲ್ಲೇ ಊಟ. ಹುರಿದ ಮೀನು, ಆಲೂಗಡ್ಡೆ ಸಾಲಡ್ಡು. ಕರೆದವಳು ನಾನೇ. ಕ್ಯಾಸ್ ನನ್ನ ಪುಸ್ತಕದ ಕಪಾಟು ನೋಡಿ, ಇದನ್ನೆಲ್ಲ ಬಸ್ಸು ನಿಂತಿರುವಾಗ ಓದುತ್ತೀರಾ ಅಥವಾ ಓಡುವಾಗಲಾ ಅಂದ. ಬರ್ನಿ ಅವನೊಂದಿಗೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ನನ್ನನ್ನೇ ಕೇಳಿದಳು.

"ನಿಮ್ಮ ಕಂಟ್ರೋಲಿನವರು ಏನಂದ್ರು?" ಎಂದು ಕ್ಯಾಸ್ ಕೇಳಿದ.

"ನಾಳೆ ಕೆಲಸಕ್ಕೆ ಬರಬೇಡ ಅಂದ್ರು."

ಅವನ ಮುಖ ಸಣ್ಣದಾಯಿತು. ಆಮೇಲೆ ಅಂದ: "ಹಾಗಾದ್ರೆ ನಾಳೆ ನೀವೂ ರಜದಲ್ಲಿದೀರಿ."

"ನಿಮ್ಮ ದಯೆಯಿಂದ."

"ನಮ್ಮ ಜೊತೆ ಬನ್ನಿ. ನಿಮ್ಮ ದಾರೀಲೇ, ಕೊನೇ ಸ್ಟಾಪಿನವರೆಗೆ."

"ನೋಡಿದ್ಯಾ?" ಎಂದಳು ಮಾರ್ಲೀನ್ ನನಗೆ. "ಈ ರೋಗ ಅಂಟುತ್ತೆ. ಹುಷಾರು."

ಮರುದಿನ ಬೆಳಗ್ಗೆ ನನ್ನ ದಾರಿಯ ಬಸ್ಸಿಗೆ ನಾನು ಪ್ರಯಾಣಿಕಳಾಗಿ ಕಾದು ನಿಂತೆ. ನನ್ನ ಜಾಗಕ್ಕೆ ಬಂದಿದ್ದವನು ಒಟಿಸ್, ನನಗಿಂತ ಹಳಬ. ನನ್ನನ್ನು ಈ ಪರಿವಾರದ ಜೊತೆ ಕಂಡು, "ಏನಮ್ಮಾ, ಒಂದೇ ರಾತ್ರೀಲಿ ಸಂಸಾರ ಮಾಡ್ಕೊಂಡ್ಯಾ?" ಅಂದ. ಕ್ಯಾಸ್ ಮಕ್ಕಳನ್ನು ಮುಂದೆ ನಿಲ್ಲಿಸಿ ಅವನಿಗೆ ಹೆಸರು ಹೇಳಿಸಿದ. ಥಡ್ಡಿ ತನ್ನ ಹೆಸರನ್ನೂ ತನ್ನ ಚಪ್ಪಲಿಯ ಬಣ್ಣವನ್ನೂ ಹೇಳಿದ. ಡ್ರೈವರಿಗೆ ಮಕ್ಕಳ ಗುರುತು ಹೇಳದೆ ಬಸ್ಸು ಹತ್ತಿಸುವುದಿಲ್ಲವೆಂದು ಕ್ಯಾಸ್ ರಾತ್ರಿ ನಿರ್ಧರಿಸಿದ್ದ. ಆಮೇಲಿನ ಎಲ್ಲ ಊರುಗಳಲ್ಲೂ ಹಾಗೇ ಮಾಡಿದ.

ಬರ್ನಿ ಹೆಸರು ಹೇಳಿದಳು. ಆದರೆ ಸೀಟಿಗೆ ಹೋಗಲಿಲ್ಲ. ಹಿಂದೆ ಸಾಲು ಕಾಯುತ್ತಿತ್ತು. ಕಂಬಿ ಹಿಡಿದು ನಿಂತು ಒಟಿಸ್‌ನನ್ನು ಕೇಳಿದಳು.

"ಈ ಬಸ್ಸು ವಾಪಸ್ ಬರುತ್ತಾ, ಡಿಪೊಗೆ ಹೋಗುತ್ತಾ?"

ಕ್ಯಾಸ್ ಕಣ್ಣು ಮಿಟುಕಿಸದೆ ಮಗಳನ್ನು ನೋಡಿದ. ಆ ಪ್ರಶ್ನೆ ಅವನಿಗೆ ನಾಟಿತೋ, ಅದು ಕೇಳಬೇಕಾದ ಪ್ರಶ್ನೆಯೇ ಎಂದು ಸಮಾಧಾನವಾಯಿತೋ, ಕೇಳಲು ಈಗ ಅವನಿಲ್ಲ.

"ಬರುತ್ತಮ್ಮಾ" ಎಂದ ಒಟಿಸ್. "ಮಧ್ಯಾಹ್ನದವರೆಗೂ ಹೋಗೋದು ಬರೋದೇ."

ಬರ್ನಿ ಅಪ್ಪನ ಕಡೆ ತಿರುಗಿದಳು. ಹಿಂದಿನ ದಿನ ಮಧ್ಯಾಹ್ನದಿಂದೀಚೆಗೆ ಅವನೊಂದಿಗೆ ಆಡಿದ ಮೊದಲ ಮಾತು.

"ಕೂರಬಹುದು ಅಪ್ಪ. ನಾನು ಕೇಳಿದೀನಿ."