ಪಾಸ್‌ವರ್ಡ್ ಮತ್ತು ಅವ್ವನ ವಿಭೂತಿ

ತೊಂಬತ್ತರ ದಶಕದ ಕೊನೆಗೆ ಆಳಂದದಲ್ಲಿ ನನ್ನದೊಂದು ಕಂಪ್ಯೂಟರ್ ಟೈಪಿಂಗ್ ಅಂಗಡಿಯಿತ್ತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವಿತ್ತು. ಎದೆ ಗಟ್ಟಿ ಮಾಡಿಕೊಂಡು, ಕಂಪ್ಯೂಟರಿನಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ ಅದನ್ನೇ ಹಾಕಿದೆ. ಮುಗಿದ ಮೇಲೆ ಅದು, ಹಾಕುವಾಗ ನಾನೇ ಕೊಟ್ಟಿದ್ದ ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಬೋರ್ಡೇ ಕೆಟ್ಟಿತೆಂದುಕೊಂಡೆ.

ಆಗ ಕೀಬೋರ್ಡಿನ ಮೇಲೆ ಅವ್ವ ಮೂರು ಬೆರಳಲ್ಲಿ ಎಳೆದ ವಿಭೂತಿ ಕಣ್ಣಿಗೆ ಬಿತ್ತು. ಸೋಮವಾರಕ್ಕೊಮ್ಮೆ ಅಂಗಡಿಯ ಎಲ್ಲ ಸಾಮಾನಿಗೂ ಹಚ್ಚುವುದು ಅವಳ ರೂಢಿ.

"ನಿನ್ನ ವಿಭೂತಿ ಒಳಗ ಹೋಗಿ ಕೆಟ್ಟದ ನೋಡು! ಯಾರು ಹಚ್ಚಂದಿದ್ರು ಬೇ ನಿನಗ?" ಎಂದು ಅಲ್ಲೇ ಕೂತಿದ್ದ ಅವ್ವನ ಮೇಲೆ ಕೂಗಾಡಿದೆ.

ಅವ್ವ ಎದ್ದು ಬಂದು ಕೀಬೋರ್ಡನ್ನು ಸೆರಗಿನಿಂದ ಒರೆಸಿದಳು. ಕಂಪ್ಯೂಟರನ್ನು ಆರಿಸಿ, ಹಚ್ಚಿ, ಮತ್ತೆ ಪಾಸ್‌ವರ್ಡ್ ಒತ್ತಿದೆ. ಪರದೆ ಆಗಲೂ ಖಾಲಿ. ಸಿಟ್ಟಿಗೆ ಎಂಟರ್ ಗುದ್ದಿದರೆ ಒಳಗೆ ಬಿಟ್ಟಿತು! ಲಿನಕ್ಸ್‌ನಲ್ಲಿ ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಏನೂ ಕಾಣುವುದಿಲ್ಲವೆಂದು ಆಮೇಲೆ ಅದೇ ಪತ್ರಿಕೆಯಲ್ಲಿ ಓದಿದೆ. ಅವ್ವನಿಗೆ ಮಾತ್ರ ಹೇಳಲಿಲ್ಲ.

ಮುಂದಿನ ಸೋಮವಾರ ಅವಳು ಬಾಗಿಲಿಗೆ, ಮೇಜಿಗೆ, ನಾನು ಕೂರುವ ಕುರ್ಚಿಗೂ ವಿಭೂತಿ ಎಳೆದಳು. ಕಂಪ್ಯೂಟರಿನ ಹತ್ತಿರ ಬಂದಾಗ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಹೋದಳು.